ಪ್ಯಾಚನ್ನು ಬಾಲದಿಂದ ಓದಿದ ಕಥೆ

ಈ ಬರಹದಲ್ಲಿ ಸ್ವಲ್ಪ ಜಂಬ ಇದೆ, ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು "ಪೇಪರ್ ಸರ್" ಅಂತ ಆಡಿಕೊಂಡವರ ಪ್ಯಾಚಿನಲ್ಲೇ (ಕೋಡಿಗೆ ಮಾಡುವ ಬದಲಾವಣೆಯ ಕಂತು), ಅದು ಮರ್ಜ್ ಆಗುವ, ಅಂದರೆ ಮುಖ್ಯ ಕೋಡಿಗೆ ಸೇರುವ ಮುಂಚೆ, ಐದು ಬಗ್ ಹಿಡಿದಿದ್ದೇನೆ. ಅಷ್ಟು ಜಂಬಕ್ಕೆ ಹಕ್ಕಿದೆ ಅಂದುಕೊಂಡಿದ್ದೇನೆ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬಿಲ್ಡ್ ಮಾಡೋದು, ಕ್ಯೂಎಮು ಅನ್ನೋ ವರ್ಚುವಲ್ ಮೆಷಿನ್ ಓಡಿಸೋದು, ಡಿಸ್ಕ್‌ಗಳ ಜೊತೆ ಮಾತಾಡುವ ಸ್ಕಸಿ ಲೇಯರ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅನ್ನೋದೆಲ್ಲ ಗೊತ್ತಿರುವವರಿಗೆ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಒಂದೆರಡು ಹೆಚ್ಚುಕಮ್ಮಿ ಇರಬಹುದು.

ನಮ್ಮ ಕಂಪನಿ ಮಾರೋದು ಸ್ಟೋರೇಜ್ ಬಾಕ್ಸ್. ಒಂದು ಸರ್ವರ್, ಅದಕ್ಕೆ ಅಂಟಿಕೊಂಡ 84 ಡಿಸ್ಕಿನ ಜೆಬಾಡ್ (ಬರೀ ಡಿಸ್ಕ್ ತುಂಬಿದ ಪೆಟ್ಟಿಗೆ), ಮಧ್ಯೆ ನಮ್ಮದೇ ಡ್ರೈವರ್. ಹಳೇ ಡ್ರೈವರ್ ಒಂದು ಡಿಸ್ಕಿಗೆ ಇನ್‌ಕ್ವೈರಿ (ನೀನು ಯಾರು ಅಂತ ಕೇಳುವ ಆಜ್ಞೆ) ಕಳಿಸಿ, ಉತ್ತರ ಬರೋವರೆಗೆ ಕೂತು, ಆಮೇಲೆ ಮುಂದಿನದಕ್ಕೆ ಹೋಗುತ್ತಿತ್ತು. ಡಿಸ್ಕಿಗೆ ಮೂರು ಮೂರೂವರೆ ಸೆಕೆಂಡ್ ಅಂದರೂ ಬೂಟಿಗೆ ಹತ್ತಿರ ಹತ್ತಿರ 5 ನಿಮಿಷ. ಗ್ರಾಹಕರು ಬೈಯುತ್ತಿದ್ದರು. ನಮ್ಮ ಹುಡುಗನೊಬ್ಬ ಇದನ್ನು ಅಸಿಂಕ್ ಮಾಡಿದ, ಅಂದರೆ ಒಂದು ಇನ್ನೊಂದಕ್ಕೆ ಕಾಯದ ಹಾಗೆ: ಪ್ರತಿ ಟಾರ್ಗೆಟ್‌ಗೆ (ಡಿಸ್ಕಿಗೆ) ಒಂದು ವರ್ಕ್ (ಕೆಲಸ), ಎಲ್ಲಾ ಒಟ್ಟಿಗೆ. ಬೂಟ್ 40 ಸೆಕೆಂಡಿಗೆ ಇಳೀತು. ರಿವ್ಯೂ ಮಾಡಿದ್ದು ನಾನು. ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದಿ, ಎರಡು ಸ್ಪೆಲ್ಲಿಂಗ್ ತಪ್ಪು ತೋರಿಸಿ, ನೋಡಿ ಒಪ್ಪಿದ್ದೇನೆ ಅಂತ ನನ್ನ ಹೆಸರಿನ ರಿವ್ಯೂಡ್-ಬೈ ಹಾಕಿದೆ. ಅದು ಈಗಲೂ ಕೋಡಿನ ಇತಿಹಾಸ ಇಡುವ ಗಿಟ್ ಲಾಗಿನಲ್ಲಿದೆ, ಅಳಿಸೋಕೆ ಬರಲ್ಲ.

ಮೊದಲ ಪೆಟ್ಟು ತಿಂಗಳೊಳಗೆ ಬಿತ್ತು. ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟಿನ ಆರಂಭದಲ್ಲಿ ಮೆಮೊರಿಯಲ್ಲಿ ಬಿಚ್ಚಿಕೊಳ್ಳುವ ಪುಟ್ಟ ಫೈಲ್ ಸಿಸ್ಟಮ್) ಇಲ್ಲದೆ ನೇರವಾಗಿ ಬೂಟ್ ಆಗುವ ಒಂದು ಮಾಡೆಲ್ ನಮ್ಮಲ್ಲಿತ್ತು. ಸಿಸ್ಟಮ್ ಇರುವ ರೂಟ್ ಡಿಸ್ಕೂ ಅದೇ ಎಚ್‌ಬಿಎ (ಡಿಸ್ಕ್ ಜೋಡಿಸುವ ಕಾರ್ಡ್) ಹಿಂದೆ. ಅದು "ಅನ್‌ನೋನ್-ಬ್ಲಾಕ್(0,0)" ಅಂತ ಪ್ಯಾನಿಕ್ ಆಗಿ, ಅಂದರೆ ಕರ್ನಲ್ಲೇ ಕೈಚೆಲ್ಲಿ, ಕೂತಿತು. ಕಾರಣ ಈಗ ಕಣ್ಣಿಗೆ ಹೊಡೆಯುತ್ತೆ, ಆಗ ಹೊಡೀಲಿಲ್ಲ. ರೂಟ್ ಮೌಂಟ್ ಮಾಡುವ ಮುಂಚೆ ಕರ್ನಲ್ ವೇಟ್ ಫಾರ್ ಡಿವೈಸ್ ಪ್ರೋಬ್ ಅನ್ನೋ ಫಂಕ್ಷನ್ ಕರೆಯುತ್ತೆ. ಅದು ಡ್ರೈವರ್ ಕೋರಿನ ಪ್ರೋಬ್‌ಗಳಿಗೂ (ಸಾಧನ ಕಂಡಾಗ ಅದನ್ನು ಸಜ್ಜುಗೊಳಿಸುವ ಫಂಕ್ಷನ್) ಅಸಿಂಕ್ ವ್ಯವಸ್ಥೆಯಲ್ಲಿ ಸಾಲಿಗೆ ನಿಂತ ಕೆಲಸಗಳಿಗೂ ಕಾಯುತ್ತೆ, ಅಷ್ಟೇ. ನಮ್ಮ ಹುಡುಗ ಡ್ರೈವರಿನದೇ ಸ್ವಂತ ವರ್ಕ್‌ಕ್ಯೂ (ಕೆಲಸಗಳ ಸಾಲು) ಮಾಡಿಕೊಂಡಿದ್ದ. ಅಲ್ಲಿ ಕೆಲಸ ಬಾಕಿ ಇದೆ ಅಂತ ಕರ್ನಲ್ಲಿಗೆ ಯಾರು ಹೇಳಬೇಕು? ಇನಿಟ್‌ರ್ಯಾಮ್‌ಎಫ್‌ಎಸ್ ಇರುವ ಕಡೆ ಡಿಸ್ಕ್ ಬರೋವರೆಗೆ ಯೂಸರ್‌ಸ್ಪೇಸ್ ಸ್ಕ್ರಿಪ್ಟುಗಳು ಕಾಯುತ್ತಿದ್ದದ್ದರಿಂದ ತಪ್ಪು ಮುಚ್ಚಿಹೋಗಿತ್ತು. ಆ ದಿನದ ತೇಪೆ: ರೂಟ್‌ಡಿಲೇ 30, ಅಂದರೆ ರೂಟ್ ಮೌಂಟಿಗೆ ಮುಂಚೆ 30 ಸೆಕೆಂಡ್ ಸುಮ್ಮನೆ ಕಾಯೋದು. ಒದ್ದಾಡಿ ಉಳಿಸಿದ ಹೊತ್ತಿನಲ್ಲಿ ಅರ್ಧ ನಿಮಿಷ ಮತ್ತೆ ನಿದ್ದೆಗೆ ಕೊಟ್ಟಂತಾಯಿತು.

ಎರಡನೇ ಪೆಟ್ಟು ದೊಡ್ಡದು. ಒಂದು ಗ್ರಾಹಕರ ಕಡೆ ಸುಮಾರು 300 ಬೂಟಿಗೆ ಒಂದು ಸಲ ಪ್ಯಾನಿಕ್. ಲ್ಯಾಬಿನಲ್ಲಿ ಬರೋದೇ ಇಲ್ಲ. ಆರು ವಾರ ಹುಡುಕಿದ ಮೇಲೆ ಸಿಕ್ಕಿದ್ದು ಇಷ್ಟು: ಅವರ ಒಂದು ಡಿಸ್ಕ್ ಸಾಯುವ ಸ್ಥಿತಿಯಲ್ಲಿತ್ತು, ಬೂಟ್ ಹೊತ್ತಿನಲ್ಲಿ ಲಿಂಕ್ ಬಿದ್ದು ಎದ್ದು ಮಾಡುತ್ತಿತ್ತು. ಪತ್ತೆ ಕೆಲಸ ಉತ್ತರಕ್ಕೆ ಕಾಯುತ್ತಾ ಮಲಗಿರುವಾಗ ಲಿಂಕ್ ಬಿದ್ದ ಸುದ್ದಿ ಇನ್ನೊಂದು ಥ್ರೆಡ್ಡಿಗೆ (ಜೊತೆಗೇ ಓಡುವ ಕೆಲಸದ ಎಳೆಗೆ) ಬಂದು, ಅದು ಟಾರ್ಗೆಟ್ ರಚನೆಯನ್ನು ಫ್ರೀ ಮಾಡಿ ಅದರ ಮೆಮೊರಿ ಬಿಟ್ಟುಕೊಡುತ್ತಿತ್ತು. ಮಲಗಿದ್ದವನು ಎದ್ದು ನೋಡಿದರೆ ಮನೆಯೇ ಇಲ್ಲ. ವರ್ಕಿನೊಳಗೆ ಬರೀ ಪಾಯಿಂಟರ್ ಇತ್ತು, ನಾನು ಬಳಸುತ್ತಿದ್ದೇನೆ, ಫ್ರೀ ಮಾಡಬೇಡಿ ಅಂತ ಎಣಿಕೆ ಏರಿಸುವ ಗೆಟ್ ಡಿವೈಸ್ ಇರಲಿಲ್ಲ. ನಾನು ಓದಿದ್ದ ಸಾಲುಗಳೇ ಅವು.

ಆ ಗ್ರಾಹಕರಿಗೆ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಏಳು ಲಕ್ಷದ ಹತ್ತಿರ ಬಿಟ್ಟುಕೊಡಬೇಕಾಯಿತು. ನನ್ನ ವೇರಿಯಬಲ್ ಪೇಯಲ್ಲಿ ಅರ್ಧ ಹೋಯಿತು, ಒಂದೂಕಾಲು ಲಕ್ಷ ಅಂತಿಟ್ಟುಕೊಳ್ಳಿ. ಪ್ಯಾಚ್ ಬರೆದ ಹುಡುಗನಿಗೆ ಏನೂ ಆಗಲಿಲ್ಲ, ಅವನು ಆಗಲೇ ಬೇರೆ ಕಂಪನಿ ಸೇರಿದ್ದ.

ಆಮೇಲೆ ಮಾಡಿದ ಪೆದ್ದು ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಲವತ್ತು ಅಂಶಗಳ ಚೆಕ್‌ಲಿಸ್ಟ್ ಮಾಡಿದೆ. ಎಲ್ಲರೂ ನೋಡದೆ ಟಿಕ್ ಹಾಕಿದರು, ಮೂರನೇ ವಾರ ನಾನೂ ಹಾಗೇ ಹಾಕಿದೆ. ಮ್ಯಾನೇಜರನ್ನು ಒಪ್ಪಿಸಿ ಕೋಡನ್ನು ಓಡಿಸದೆ ತಪ್ಪು ಹುಡುಕುವ ಒಂದು ದುಬಾರಿ ಸ್ಟ್ಯಾಟಿಕ್ ಅನಾಲಿಸಿಸ್ ಟೂಲಿನ ಲೈಸೆನ್ಸ್ ತರಿಸಿದೆ. ನಮ್ಮ ಡ್ರೈವರಿಗೆ 900 ಚಿಲ್ಲರೆ ಎಚ್ಚರಿಕೆ ಕೊಟ್ಟಿತು, ಅದರಲ್ಲಿ ನಿಜವಾದವು ಮೂರೋ ನಾಲ್ಕೋ. ಹಳೇ ಪ್ಯಾಚನ್ನೇ ಅದಕ್ಕೆ ತಿನ್ನಿಸಿ ನೋಡಿದೆ, ಏಳು ಲಕ್ಷದ ಆ ಬಗ್ಗು ಅದಕ್ಕೆ ಕಾಣಲೇ ಇಲ್ಲ. ಮುಂದಿನ ವರ್ಷ ಲೈಸೆನ್ಸ್ ನವೀಕರಿಸಲಿಲ್ಲ.

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಆ ಹೊತ್ತಿಗೆ ನಾನು ಮನೆ ಬದಲಾಯಿಸುತ್ತಿದ್ದೆ. ಬಾಡಿಗೆ ಕರಾರು ಕೈಗೆ ಬಂದಾಗ ಬೆಂಗಳೂರಿನಲ್ಲಿ ನಾಲ್ಕು ಮನೆ ಕಂಡವನು ಮೊದಲ ಪುಟ ಓದಲ್ಲ. ಖಾಲಿ ಮಾಡುವ ಷರತ್ತು ಎಲ್ಲಿದೆ, ಪೇಂಟಿಂಗಿಗೆ ಅಂತ ಎಷ್ಟು ಹಿಡಿಯುತ್ತಾರೆ, ಅದನ್ನು ಹುಡುಕುತ್ತಾನೆ. ಪ್ಯಾಚನ್ನೂ ಹಾಗೇ ಓದಿದರೆ? ಸಾಧನ ಕಿತ್ತಾಗ ಓಡುವ ರಿಮೂವ್ ಫಂಕ್ಷನ್ ಮೊದಲು. ಅದು ಏನೇನು ಕಿತ್ತುಹಾಕುತ್ತೆ, ಏನೇನು ಫ್ರೀ ಮಾಡುತ್ತೆ ಅಂತ ಪಟ್ಟಿ. ಆಮೇಲೆ ಎರರ್ ದಾರಿಗಳು. ಪ್ರೋಬ್ ಕಟ್ಟಕಡೆಗೆ. ರಿಮೂವ್ ಮುಟ್ಟುವ ಒಂದೊಂದು ವಸ್ತುವಿಗೂ ಒಂದೇ ಪ್ರಶ್ನೆ: ಈ ಕ್ಷಣ ಇದನ್ನು ಇನ್ಯಾರು ಹಿಡಿದಿದ್ದಾರೆ?

ಇದನ್ನು ಸ್ಕ್ರೀನಿನಲ್ಲಿ ಮಾಡಲು ಆಗಲಿಲ್ಲ. ಎ3 ಹಾಳೆ ತಂದೆ. ಅಡ್ಡಲಾಗಿ ಇಟ್ಟು ಮೂರು ಕಂಬ ಎಳೆದೆ: ಪತ್ತೆ ಥ್ರೆಡ್, ಹಾರ್ಡ್‌ವೇರ್ ಈವೆಂಟ್ ಥ್ರೆಡ್, ರಿಮೂವ್. ಪ್ರತಿ ಕಂಬದಲ್ಲಿ ಆ ಥ್ರೆಡ್ ಮಾಡುವ ಕೆಲಸ ಸಾಲಾಗಿ, ಪೆನ್ಸಿಲಿನಲ್ಲಿ. ಗೆಟ್‌ಗಳು (ಹಿಡಿದದ್ದು) ಕೆಂಪು, ಪುಟ್‌ಗಳು (ಬಿಟ್ಟದ್ದು) ನೀಲಿ, ಅಂಗಡಿ ಲೆಕ್ಕದ ಜಮಾ ಖರ್ಚಿನ ಹಾಗೆ ಕೊನೆಯಲ್ಲಿ ತಾಳೆ ಆಗಬೇಕು. ಆಮೇಲೆ ಮೊದಲ ಕಂಬದ ಎರಡೆರಡು ಸಾಲಿನ ನಡುವಿನ ಸಂದಿಯಲ್ಲಿ ಪೆನ್ಸಿಲ್ ತುದಿ ಇಟ್ಟು ಕೇಳೋದು: ಇಲ್ಲಿ ಡಿಸ್ಕ್ ಕಿತ್ತರೆ? 400 ಸಾಲಿನ ಪ್ಯಾಚಿಗೆ ಆರೇಳು ಹಾಳೆ, ಎರಡು ದಿನ. ಟೀಮ್ ಲೀಡ್ ಬಂದು ನೋಡಿ, "ಏನ್ ಸರ್, ಜಾತಕ ಬರೀತಾ ಇದೀರಾ?" ಅಂದ. ಹೆಸರು ಹುಟ್ಟಿದ್ದು ಅವತ್ತೇ.

ಕಾಗದದಲ್ಲಿ ಕಂಡದ್ದು ನಿಜವೋ ನನ್ನ ಭ್ರಮೆಯೋ ಅಂತ ನೋಡಲು ಕಬ್ಬಿಣ, ಅಂದರೆ ನಿಜವಾದ ಹಾರ್ಡ್‌ವೇರ್, ಬೇಕಿತ್ತು. ಕಂಪನಿ ಲ್ಯಾಬ್ ಬಾಕ್ಸ್ ಯಾವಾಗಲೂ ಟೆಸ್ಟಿಂಗ್ ಟೀಮಿನವರ ಕೈಯಲ್ಲಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಹಳೇ 12 ಡಿಸ್ಕಿನ ಸ್ಯಾಸ್ ಎನ್‌ಕ್ಲೋಶರ್ (ಸರ್ವರ್ ಡಿಸ್ಕುಗಳ ಪೆಟ್ಟಿಗೆ) 22 ಸಾವಿರಕ್ಕೆ ಹೊಂದಿಸಿದೆ. ಎಲ್‌ಎಸ್‌ಐ 9200-8ಇ ಕಾರ್ಡ್ ನಾಲ್ಕೂವರೆ ಸಾವಿರ, ಕೇಬಲ್ 1,800, ಹಳೇ ಸ್ಯಾಸ್ ಡಿಸ್ಕ್ 14, ತಲಾ 700. ಹದಿನಾಲ್ಕರಲ್ಲಿ ಮೂರು ಸತ್ತಿದ್ದವು. ಅಂಗಡಿಯವನು "ಗ್ಯಾರಂಟಿ ಇಲ್ಲ ಅಂದಿದ್ನಲ್ಲ ಸಾರ್" ಅಂದ. ಆದರೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮೂರರಲ್ಲಿ ಒಂದು, ಅರ್ಧ ಜೀವದ್ದು. ಉತ್ತರ ಕೊಟ್ಟ ಹಾಗೆ ಮಾಡಿ ನಡುವೆ ಮೂರ್ಛೆ ಹೋಗುತ್ತಿತ್ತು. ದುಡ್ಡು ಕೊಟ್ಟರೂ ಅಂಥ ಡಿಸ್ಕ್ ಬೇಕೆಂದಾಗ ಸಿಗಲ್ಲ. ಒಟ್ಟು ಹತ್ತಿರ ಹತ್ತಿರ 40 ಸಾವಿರ. ಮನೆಯಲ್ಲಿ ಹೇಳಿದ್ದು 15.

ಇಲ್ಲೊಂದು ದಾರಿ ತಪ್ಪಿದ ಪ್ರಯೋಗ. ಎನ್‌ಕ್ಲೋಶರ್ ನಮ್ಮ ಮನೆಯ ಯುಪಿಎಸ್ ಮೇಲೆ ಓಡುತ್ತಿತ್ತು. ಡಿಸ್ಕ್‌ಗಳನ್ನೆಲ್ಲ ನಿಲ್ಲಿಸಿ, ಹೋಸ್ಟನ್ನು ಅಸಿಂಕ್ ಆಗಿ ಬೂಟ್ ಮಾಡಿದರೆ ಮೊದಲ ನಾಲ್ಕು ಸೆಕೆಂಡಿನಲ್ಲೇ ಯುಪಿಎಸ್ ಕಿರುಚಿ ಬಿದ್ದುಹೋಗುತ್ತಿತ್ತು. ನಿಂತ ಡಿಸ್ಕ್ ಕಂಡರೆ ಕರ್ನಲ್ಲಿನ ಡಿಸ್ಕ್ ಡ್ರೈವರಾದ ಎಸ್‌ಡಿ, ಸ್ಟಾರ್ಟ್ ಯೂನಿಟ್ ಅನ್ನೋ ಆಜ್ಞೆ ಕಳಿಸಿ ತಿರುಗಿಸುತ್ತೆ, 100 ಸೆಕೆಂಡಿನವರೆಗೂ ಕಾಯುತ್ತೆ. ಒಂದಾದ ಮೇಲೊಂದು ಪತ್ತೆಯಾಗುತ್ತಿದ್ದ ಕಾಲದಲ್ಲಿ ಒಂದು ತಿರುಗಿ ನಿಂತ ಮೇಲೆ ಇನ್ನೊಂದು ಏಳುತ್ತಿತ್ತು, ಸರದಿ ತಾನಾಗಿಯೇ ಆಗುತ್ತಿತ್ತು. ಅಸಿಂಕ್ ಮಾಡಿದ ಮೇಲೆ ಎಲ್ಲಾ ಒಟ್ಟಿಗೆ ಏಳುತ್ತವೆ. ಡಿಸ್ಕಿಗೆ 12 ವೋಲ್ಟಿನಲ್ಲಿ 2 ಆಂಪ್ ಹಿಡಿದರೂ 12 ಡಿಸ್ಕಿಗೆ 290 ವ್ಯಾಟಿನ ಹತ್ತಿರ, ಫ್ಯಾನು ಮದರ್‌ಬೋರ್ಡು ಬೇರೆ. ಕನ್ಸೋಲಿನಲ್ಲಿ "ಸ್ಪಿನ್ನಿಂಗ್ ಅಪ್ ಡಿಸ್ಕ್" ಅಂತ ಬಂದು ಸೆಕೆಂಡಿಗೊಂದು ಚುಕ್ಕಿ ಬೀಳೋದು ನೋಡಿದ್ದೀರಲ್ಲ, ಎಲ್ಲಾ ಡಿಸ್ಕಿನ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ರಂಗೋಲಿ ಹಾಕಿದ ಹಾಗೆ ಕಾಣುತ್ತಿತ್ತು. ಇದು ರಿವ್ಯೂಗೆ ಸಂಬಂಧವಿಲ್ಲ ಅಂತ ಬಿಡುವವನಿದ್ದೆ. ಆದರೆ 84ಕ್ಕೆ ಗುಣಿಸಿ ನೋಡಿ, ಪವರ್ ಸಪ್ಲೈ ಟೀಮಿಗೆ ಒಂದು ಮೇಲ್ ಹಾಕಿದೆ. ಸ್ಟ್ಯಾಗರ್ಡ್ ಸ್ಪಿನ್-ಅಪ್ (ಡಿಸ್ಕ್‌ಗಳನ್ನು ಸರದಿಯಲ್ಲಿ ತಿರುಗಿಸೋದು) ಎನ್‌ಕ್ಲೋಶರಿನಲ್ಲೇ ಆನ್ ಮಾಡಿದರು.

ಇನ್ನು ಮೊದಲಲ್ಲೇ ಹೇಳಿದ, ಐದು ಬಗ್ ಸಿಕ್ಕ ಆ ಎರಡನೇ ಪ್ಯಾಚ್. ಹೊಸ ಕಂಟ್ರೋಲರ್, ಹೊಸ ಡ್ರೈವರ್, ಜಾತಕ ಅಂದವನ ಟೀಮೇ ಬರೆದದ್ದು. ಮೊದಲಿನ ಪಾಠ ಕಲಿತಿದ್ದರು ಅನ್ನಬೇಕು, ಸ್ವಂತ ವರ್ಕ್‌ಕ್ಯೂ ಇರಲಿಲ್ಲ, ಕರ್ನಲ್ಲಿನ ಅಸಿಂಕ್ ಶೆಡ್ಯೂಲನ್ನೇ ಬಳಸಿದ್ದರು. ಕರ್ನಲ್ ಡೆವಲಪರ್ ಆರ್ಯನ್ ವಾನ್ ಡಿ ವೆನ್ 2009ರಲ್ಲಿ ಕರ್ನಲ್ 2.6.29ಕ್ಕೆ ಸೇರಿಸಿದ ವ್ಯವಸ್ಥೆ ಅದು. ಪ್ರತಿ ಕೆಲಸಕ್ಕೂ ಟೋಕನ್ ಹಾಗೆ ಒಂದು ಕುಕೀ, ನನ್ನ ಹಿಂದಿನವರೆಲ್ಲ ಮುಗಿಸೋವರೆಗೆ ಕಾಯುತ್ತೇನೆ ಅನ್ನಲು ದಾರಿ. ಡಿಸ್ಕ್‌ಗಳ ಕ್ರಮ ಕಾಪಾಡಲು ಅವರು ಮ್ಯಾಥ್ಯೂ ವಿಲ್ಕಾಕ್ಸ್ 2006ರಲ್ಲಿ ಸ್ಕಸಿಗೆ ಬರೆದ ಉಪಾಯವನ್ನು ಅನುಸರಿಸಿದ್ದರು. ಹೋಸ್ಟ್‌ಗಳೆಲ್ಲ (ಇಲ್ಲಿ ಕಂಟ್ರೋಲರ್‌ಗಳು) ಒಟ್ಟಿಗೆ ಹುಡುಕುತ್ತವೆ, ಆದರೆ ಸಾಧನಗಳ ಪಟ್ಟಿ ತೋರಿಸುವ ಸಿಸ್‌ಎಫ್‌ಎಸ್‌ಗೆ ಸೇರಿಸುವಾಗ ಮುಂದಿನವನು ಹಿಂದಿನವನ ಕಂಪ್ಲೀಶನ್‌ಗೆ (ಮುಗಿಯಿತು ಅನ್ನೋ ಸೂಚನೆಗೆ) ಕಾಯುತ್ತಾನೆ. ಮದುವೆ ಮನೆಯಲ್ಲಿ ಅಡುಗೆ ಎಲ್ಲಾ ಒಲೆಯಲ್ಲೂ ಒಟ್ಟಿಗೆ, ಬಡಿಸೋದು ಮಾತ್ರ ಉಪ್ಪಿನಿಂದ ಶುರು.

ಬಾಲದಿಂದ ಓದಲು ಕೂತೆ. ರಿಮೂವಿನ ಮೊದಲ ಸಾಲೇ ಅಸಿಂಕ್ ಸಿಂಕ್ರೊನೈಸ್ ಫುಲ್, ಅಂದರೆ ಬಾಕಿ ಇರುವ ಅಸಿಂಕ್ ಕೆಲಸವೆಲ್ಲ ಮುಗಿಯಲಿ ಅಂತ ಕಾಯೋದು. ಸುರಕ್ಷಿತವಾಗಿ ಕಾಣುತ್ತೆ. ಆದರೆ ಹಾಳೆಯಲ್ಲಿ ರಿಮೂವನ್ನು ಕರೆಯುವವರು ಯಾರು ಅಂತ ಬಾಣ ಎಳೆಯುತ್ತಾ ಹೋದರೆ ಒಂದು ಬಾಣ ಪತ್ತೆ ಫಂಕ್ಷನ್ನಿನ ಎರರ್ ದಾರಿಗೇ ಹೋಗಿ ಮುಟ್ಟಿತು. ಪತ್ತೆ ಪೂರ್ತಿ ಸೋತರೆ ಅಲ್ಲಿಂದಲೇ ರಿಮೂವ್ ಕರೆದಿದ್ದರು. ಪತ್ತೆ ಓಡುತ್ತಿರೋದು ಅಸಿಂಕ್ ಕೆಲಸವಾಗಿ. ಅಲ್ಲಿಗೆ ತಾನು ಮುಗಿಯಲಿ ಅಂತ ತಾನೇ ಕಾಯುತ್ತಾ ನಿಂತ ಹಾಗಾಯಿತು. 2013ರಲ್ಲಿ ಕರ್ನಲ್ಲಿಗೇ ಇದರ ಅಣ್ಣನಂಥ ಬಗ್ ಬಂದಿತ್ತು. ಡಿಸ್ಕ್ ಪತ್ತೆಯ ಅಸಿಂಕ್ ಕೆಲಸ ಐಒ ಶೆಡ್ಯೂಲರ್ ಮಾಡ್ಯೂಲ್ ಬೇಕು ಅಂತ, ಅದನ್ನು ಲೋಡ್ ಮಾಡುವ ಮಾಡ್‌ಪ್ರೋಬ್‌ಗೆ ಕಾಯುತ್ತೆ. ಆ ಮಾಡ್ಯೂಲಿನ ಇನಿಟ್ ಮುಗಿದ ಮೇಲೆ ಕರ್ನಲ್ ಅಸಿಂಕ್ ಕೆಲಸಗಳೆಲ್ಲ ಮುಗಿಯಲಿ ಅಂತ ಕಾಯುತ್ತೆ. ನೀನು ಮೊದಲು, ಇಲ್ಲ ನೀನು ಮೊದಲು. ಕರ್ನಲ್ ಡೆವಲಪರ್ ತೇಜುನ್ ಹಿಯೋ ಆಗ ಹಾಕಿದ ಪರಿಹಾರವನ್ನು ಬೇರೆ ತೊಂದರೆ ಕಂಡು 2022ರಲ್ಲಿ ವಾಪಸ್ ತೆಗೆದರು. ಆ ಪರಿಹಾರದಲ್ಲಿ, ಮಾಡ್ಯೂಲ್ ಇನಿಟ್ ಮಾಡಿದ ಟಾಸ್ಕ್ ಅಸಿಂಕ್ ಬಳಸಿದೆಯೋ ಇಲ್ಲವೋ ಅಂತ ಒಂದು ಗುರುತು ಇಟ್ಟು ಕಾಯುತ್ತಿದ್ದರು. ಪ್ರೋಬ್ ಬೇರೆ ಕೆಥ್ರೆಡ್ಡಿನಲ್ಲಿ (ಕರ್ನಲ್ ಥ್ರೆಡ್) ಓಡಿದರೆ ಆ ಗುರುತು ಬೀಳುತ್ತಿರಲಿಲ್ಲ, ಕಾಯಬೇಕಾದವರು ಕಾಯದೆ ಹೊರಡುತ್ತಿದ್ದರು. ಇದನ್ನು ಪ್ರಿಂಟ್ ತೆಗೆದು ಟೀಮ್ ಲೀಡ್ ಮೇಜಿನ ಮೇಲಿಟ್ಟೆ. ಮೊದಲ ಬಗ್ ಒಪ್ಪಿಕೊಂಡ.

ಎರಡನೆಯದಕ್ಕೆ ಜಗಳವೇ ಆಯಿತು. ಹೋಸ್ಟಿನ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದುಕೊಂಡೇ ಅಸಿಂಕ್ ಶೆಡ್ಯೂಲ್ ಕರೆದಿದ್ದರು. ಪತ್ತೆ ಫಂಕ್ಷನ್ನೂ ಅದೇ ಮ್ಯೂಟೆಕ್ಸ್ ಹಿಡಿಯುತ್ತೆ.

"ಅದು ಬೇರೆ ಥ್ರೆಡ್ಡಲ್ಲಿ ಓಡತ್ತಲ್ಲ ಸರ್, ನಾವು ಬಿಟ್ಮೇಲೆ ಅದು ಹಿಡಿಯತ್ತೆ."

"ಯಾವಾಗ್ಲೂ ಬೇರೆ ಥ್ರೆಡ್ಡಲ್ಲೇ ಓಡತ್ತೆ ಅಂತ ಯಾರಪ್ಪಾ ಹೇಳಿದ್ದು?"

ಕರ್ನಲ್ಲಿನ ಅಸಿಂಕ್ ಫೈಲ್ ತೆರೆದು ತೋರಿಸಿದೆ. ಮೆಮೊರಿ ಸಿಗದಿದ್ದರೆ, ಇಲ್ಲವೇ ಬಾಕಿ ಕೆಲಸ 32768 ದಾಟಿದರೆ, ಅದು ಕೆಲಸವನ್ನು ಮುಂದಕ್ಕೆ ಹಾಕದೆ ಕರೆದವನ ಹೆಗಲ ಮೇಲೇ ಓಡಿಸಿಬಿಡುತ್ತೆ. "ಅಷ್ಟು ಕೆಲಸ ಯಾವತ್ ಸೇರತ್ತೆ ಸರ್?" ಅಂದ. ಆ ಮೆಮೊರಿ ಕೇಳೋದು ಜಿಎಫ್‌ಪಿ ಅಟಾಮಿಕ್‌ನಲ್ಲಿ, ಅಂದರೆ ಕಾಯದೆ, ಸಿಗದೆಯೂ ಇರಬಹುದು ಅಂದೆ. ಮಾತಿನಲ್ಲಿ ಬಗೆಹರಿಯಲ್ಲ ಅಂತ ಅವನ ಮುಂದೆಯೇ ಮ್ಯಾಕ್ಸ್ ವರ್ಕ್ ಅನ್ನೋ ಆ 32768ನ್ನು ಅಳಿಸಿ ಮೈನಸ್ 1 ಅಂತ ಬರೆದು ಬಿಲ್ಡ್ ಮಾಡಿದೆ. ಬಾಕಿ ಸೊನ್ನೆ ಇದ್ದರೂ ಮಿತಿ ದಾಟಿದ ಹಾಗೆ, ಎಲ್ಲವೂ ಕರೆದ ಕಡೆಯೇ ಓಡುತ್ತವೆ. ಬೂಟ್ ಮೊದಲ ಡಿಸ್ಕಿನಲ್ಲೇ ನಿಂತಿತು. ಇಬ್ಬರೂ ಕಾಫಿ ಕುಡಿದು ಬರೋ ಹೊತ್ತಿಗೆ 120 ಸೆಕೆಂಡಿನ ಹಂಗ್ ಟಾಸ್ಕ್ (ಕೆಲಸ ಸಿಕ್ಕಿಹಾಕಿಕೊಂಡಿದೆ ಅನ್ನೋ) ಸಂದೇಶ ಸ್ಕ್ರೀನಿನ ಮೇಲಿತ್ತು. ಒಂದೇ ಒಂದು ಸಂಖ್ಯೆ ಬದಲಾಯಿಸುವ ಈ ಪರೀಕ್ಷೆಯನ್ನು ದಯವಿಟ್ಟು ನೀವೂ ಮಾಡಿ, ಬಿಟ್ಟಿ ಸಿಗುವ ಬಗ್ಗು. ಕರ್ನಲ್ಲಿನ ಪವರ್ ಮ್ಯಾನೇಜ್‌ಮೆಂಟ್ ಕೋರ್ ಇದೇ ಗುಂಡಿಗೆ ಬಿದ್ದಿತ್ತು. 2024ರ ಆರಂಭದಲ್ಲಿ ಅದಕ್ಕೆಂದೇ "ನೋಕಾಲ್" ಅನ್ನೋ ಬೇರೆ ಫಂಕ್ಷನ್ ಬಂತು, ಮುಂದಕ್ಕೆ ಹಾಕಲು ಆಗದಿದ್ದರೆ ಆಗಲಿಲ್ಲ ಅಂತ ಹೇಳಿ ಸುಮ್ಮನಾಗುತ್ತೆ, ತಾನೇ ಓಡಿಸಲ್ಲ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಸ್ಕಸಿ ಸ್ಕ್ಯಾನ್ ಕೋಡಿನಲ್ಲಿ ಅಸಿಂಕ್ ಸ್ಕ್ಯಾನ್ ಅನ್ನೋ ಒಂದೇ ಬಿಟ್ಟನ್ನು 1 ಮಾಡಲು ಹೋಸ್ಟ್ ಲಾಕ್ ಹಿಡಿದು ಬಿಡುತ್ತಾರೆ. ಒಂದು ಬಿಟ್ ಬರೆಯಲು ಬೀಗವೇ, ಅಂತ ನಾನೂ ಹಿಂದೆ ನಕ್ಕಿದ್ದೆ. ಅದು ಬಿಟ್‌ಫೀಲ್ಡ್. ಅಕ್ಕಪಕ್ಕದ ಬಿಟ್‌ಗಳು ಒಂದೇ ವರ್ಡಿನಲ್ಲಿ ವಾಸ. ಸಿಪಿಯು ಪೂರ್ತಿ ವರ್ಡನ್ನು ಓದಿ, ಒಂದು ಬಿಟ್ ತಿದ್ದಿ, ಪೂರ್ತಿ ವರ್ಡನ್ನು ವಾಪಸ್ ಬರೆಯುತ್ತೆ. ಆ ನಡುವೆ ಇನ್ನೊಬ್ಬ ಪಕ್ಕದ ಬಿಟ್ ತಿದ್ದಿದ್ದರೆ ಅವನು ಬರೆದದ್ದು ನೀರಿನ ಮೇಲೆ ಬರೆದ ಹಾಗೆ. ನಮ್ಮವರ ಪ್ಯಾಚಿನಲ್ಲಿ "ಸ್ಕ್ಯಾನ್ ಬಾಕಿ" ಬಿಟ್ಟೂ "ಕಿತ್ತುಹಾಕುತ್ತಿದ್ದೇವೆ" ಬಿಟ್ಟೂ ನೆರೆಹೊರೆ. ಒಂದನ್ನು ಪತ್ತೆ ಥ್ರೆಡ್ ಸೊನ್ನೆ ಮಾಡುತ್ತೆ, ಇನ್ನೊಂದನ್ನು ರಿಮೂವ್ ಒಂದು ಮಾಡುತ್ತೆ, ಬೀಗ ಇಬ್ಬರಿಗೂ ಇಲ್ಲ. ಹಾಳೆಯಲ್ಲಿ ಎರಡು ಕಂಬದ ಆ ಎರಡು ಸಾಲುಗಳು ಎದುರುಬದುರು ಬಂದು ಕೂತಿದ್ದವು. ಸ್ಕ್ರೀನಿನಲ್ಲಿ ಅವು ಬೇರೆ ಬೇರೆ ಫೈಲಿನಲ್ಲಿದ್ದವು, ನೂರು ಸಲ ಓದಿದರೂ ಜೊತೆಗೆ ಕಾಣುತ್ತಿರಲಿಲ್ಲ. ಬೀಗವಿಲ್ಲದೆ ಒಂದೇ ಡೇಟಾ ಮುಟ್ಟುವ ಥ್ರೆಡ್‌ಗಳನ್ನು ಹಿಡಿಯುವ ಕೆಸಿಎಸ್‌ಎಎನ್ ಹಾಕಿ ಓಡಿಸಿದೆ, ಇಪ್ಪತ್ತು ನಿಮಿಷದಲ್ಲಿ ಅದೂ ಅದೇ ಜಾಗ ತೋರಿಸಿತು.

ನಾಲ್ಕನೆಯದು ಮಾಮೂಲಿ, ಬೇಗ ಹೊರಬೀಳುವ ಒಂದು ರಿಟರ್ನಿನಲ್ಲಿ ಪುಟ್ ಮರೆತಿದ್ದರು, ಕೆಂಪು ಏಳು ನೀಲಿ ಆರು. ಐದನೆಯದು ಯೂಇವೆಂಟ್ (ಹೊಸ ಸಾಧನ ಬಂತು ಅನ್ನೋ ಸುದ್ದಿ), ಸಿಸ್‌ಎಫ್‌ಎಸ್ ಫೈಲುಗಳು ತಯಾರಾಗುವ ಮುಂಚೆಯೇ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್‌ಗೆ ಕೂಗಿ ಕರೆಯುತ್ತಿದ್ದರು.

ಪರೀಕ್ಷೆಗೆ ನಿಜವಾದ ಡಿಸ್ಕೇ ಬೇಕೆಂದಿಲ್ಲ. ಸುಳ್ಳು ಡಿಸ್ಕ್ ಸೃಷ್ಟಿಸುವ ಸ್ಕಸಿ ಡೀಬಗ್ ಮಾಡ್ಯೂಲಿಗೆ ನಾಲ್ಕು ಹೋಸ್ಟ್, ತಲಾ 125 ಟಾರ್ಗೆಟ್ ಅಂತ ಹೇಳಿ 500 ಡಿಸ್ಕ್ ಮಾಡಿದೆ. 500 ಅಂದರೂ ಒಳಗೆ ಎಲ್ಲಕ್ಕೂ ಸೇರಿ ಒಂದೇ 8 ಎಂಬಿ. ಕೊನೆಯ ಡಿಸ್ಕಿನ ಹೆಸರು ಎಸ್‌ಡಿಎಸ್‌ಎಫ್. ಇದರ ಜೊತೆ ಮೆಮೊರಿ ತಪ್ಪು ಹಿಡಿಯುವ ಕೆಎಎಸ್‌ಎಎನ್, ಬೀಗದ ತಪ್ಪು ಹಿಡಿಯುವ ಲಾಕ್‌ಡೆಪ್, ಮತ್ತೆ ಕೋಬ್ಜೆಕ್ಟ್ (ಕರ್ನಲ್ ಎಣಿಕೆ ಇಟ್ಟ ವಸ್ತು) ರಿಲೀಸನ್ನು ಬೇಕಂತಲೇ 1ರಿಂದ 4 ಸೆಕೆಂಡ್ ತಡಮಾಡುವ ಡೀಬಗ್ ಆಯ್ಕೆ. ಈ ಕೊನೆಯದನ್ನು ಹೆಚ್ಚಿನವರು ಆನ್ ಮಾಡಲ್ಲ, ಮಾಡಿ. ಹಾಳೆಯ ಸಂದಿಗಳಿಗೆ ತಕ್ಕಂತೆ ಕೋಡಿನೊಳಗೆ ಎಮ್‌ಸ್ಲೀಪ್ (ಸ್ವಲ್ಪ ಹೊತ್ತು ನಿದ್ದೆ) ತುರುಕುವ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಯಾವ ಸಂದಿಗೆ ಎಷ್ಟು ಅಂತ ಅದು ಹೇಗೆ ಲೆಕ್ಕ ಹಾಕುತ್ತೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಹಾಗೇ ಸುಮ್ಮನೆ ಕುತೂಹಲಕ್ಕೆ, ಡಿಸ್ಕ್ ಹೆಸರುಗಳು ಎಷ್ಟು ಅಲ್ಲಾಡುತ್ತವೆ ಅಂತಲೂ ಎಣಿಸಿದೆ. 2019ರಲ್ಲಿ ಎಸ್‌ಡಿ ಡ್ರೈವರಿನ ಅಸಿಂಕ್ ಪ್ರೋಬನ್ನು ಡ್ರೈವರ್ ಕೋರಿಗೆ ಒಪ್ಪಿಸಿದ ಮೇಲೆ ಎಸ್‌ಡಿಎ, ಎಸ್‌ಡಿಬಿ ಅನ್ನೋದಕ್ಕೆ ಅರ್ಥ ಉಳಿದಿಲ್ಲ. ಎನ್‌ಕ್ಲೋಶರ್ ಹಾಕಿ 100 ಸಲ ಬೂಟ್ ಮಾಡಿದರೆ ಒಂದೇ ಡಿಸ್ಕ್ ಎಸ್‌ಡಿಎ ಆದದ್ದು ಅರವತ್ತು ಚಿಲ್ಲರೆ ಸಲ. ಈ ಅಂಕಿ ನೋಡಿ ಗಾಬರಿಯಾಗಿ ನಮ್ಮ ಇನ್‌ಸ್ಟಾಲರ್ ಹುಡುಕಿದರೆ, ಲಾಗ್ ಡಿಸ್ಕ್ ಫಾರ್ಮ್ಯಾಟ್ ಮಾಡೋ ಸಾಲಿನಲ್ಲಿ ನೇರವಾಗಿ ಎಸ್‌ಡಿಬಿ ಅಂತ ಬರೆದಿದ್ದರು! ಡಿಸ್ಕಿನ ಗುರುತಿನಿಂದಲೇ ಹುಡುಕುವ ಬೈ-ಐಡಿ ದಾರಿಗೆ ಬದಲಾಯಿಸಿದ್ದೇವೆ. ಯಾವ ಗ್ರಾಹಕರ ಡೇಟಾವೂ ಹೋಗಿಲ್ಲ ಅನ್ನೋದು ಯಾರದ್ದೋ ಪುಣ್ಯ.

ಐದೂ ತಿದ್ದಿದ ಮೇಲೆ ಒಂದು ಶುಕ್ರವಾರ ಸಂಜೆ ನಾಲ್ಕು ವಿಎಂ (ವರ್ಚುವಲ್ ಮೆಷಿನ್) ಓಡಲು ಬಿಟ್ಟು ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಹೊತ್ತಿಗೆ 12 ಸಾವಿರ ಬೂಟಿನ ಮೇಲಾಗಿತ್ತು, ಒಂದೂ ಸ್ಪ್ಲಾಟ್ (ಕರ್ನಲ್ ಬರೆಯುವ ದೂರು) ಇಲ್ಲ. ನಿಜವಾದ 84 ಡಿಸ್ಕಿನ ಬಾಕ್ಸಿನಲ್ಲಿ ವಾರಕ್ಕೆ 400 ಬೂಟ್, ನಡುನಡುವೆ ನನ್ನ ಅರ್ಧ ಜೀವದ ಡಿಸ್ಕನ್ನು ಸ್ಲಾಟ್ ಬದಲಾಯಿಸಿ ಚುಚ್ಚುತ್ತಾ. ಬೂಟ್ 38 ಸೆಕೆಂಡ್. ಫೀಲ್ಡಿಗೆ ಹೋಗಿ ಹನ್ನೊಂದು ತಿಂಗಳಾಯಿತು, ಈ ಕೋಡಿನ ಮೇಲೆ ಒಂದು ಟಿಕೆಟ್ಟೂ ಬಂದಿಲ್ಲ. ಟೀಮ್ ಲೀಡ್ ಈಗಲೂ ಪೇಪರ್ ಸರ್ ಅಂತಲೇ ಕರೆಯುತ್ತಾನೆ, ಆದರೆ ಎ3 ಹಾಳೆಯ ಬಂಡಲ್ ಈಗ ಅವನ ಬಜೆಟ್ಟಿನಲ್ಲೇ ಬರುತ್ತೆ.

ಎನ್‌ಕ್ಲೋಶರ್ ಮನೆಯಲ್ಲಿಲ್ಲ. ಫ್ಯಾನ್ ಸದ್ದಿಗೆ ಮೇಲಿನ ಮನೆ ಓನರ್ ಆಂಟಿ ಬಂದು, "ಏನಪ್ಪಾ, ಒಳಗೆ ಹಿಟ್ಟಿನ ಗಿರಣಿ ಇಟ್ಟಿದೀಯಾ?" ಅಂತ ಕೇಳಿದ ಮೇಲೆ ಆಫೀಸಿನ ನನ್ನ ಮೇಜಿನ ಕೆಳಗೆ ಬಂದು ಕೂತಿದೆ. ಅಡ್ಮಿನ್‌ನವರು ಅದಕ್ಕೆ ಕಂಪನಿಯ ಅಸೆಟ್ ಸ್ಟಿಕ್ಕರ್ ಕೂಡ ಅಂಟಿಸಿ ಹೋಗಿದ್ದಾರೆ. ನನ್ನ 40 ಸಾವಿರ ಮಾತ್ರ ಇನ್ನೂ ಬಂದಿಲ್ಲ. ಜಿಎಸ್‌ಟಿ ಬಿಲ್ ಕೊಡಿ ಅಂತಾರೆ. ಎಸ್.ಪಿ. ರೋಡಿನ ಆ ಅಂಗಡಿಯವನು ನನಗೆ ಲೆಕ್ಕ ಬರೆದು ಕೊಟ್ಟದ್ದು ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ.